ಹಡಗಿನ ಬಾರ್‌ನಲ್ಲಿ ಟಿಪ್ಸ್ ನಿಜವಾಗ್ಲೂ ಅಷ್ಟು ಸಿಗುತ್ತಾ?

ಪ್ರಶ್ನೆ: ಸರ್, ನನ್ನ ತಮ್ಮ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಕ್ರೂಸ್ ಶಿಪ್‌ಗೆ ಬಾರ್ ಕೆಲಸಕ್ಕೆ ಹೊರಟಿದ್ದಾನೆ. "ಸಂಬಳ ನೋಡ್ಬೇಡ, ಫಾರಿನರ್ಸ್ ಕೊಡೋ ಟಿಪ್ಸಲ್ಲೇ ಮನೆ ಕಟ್ಬೋದು" ಅಂತಿದಾನೆ ಏಜೆಂಟ್. ನೀವು ಅದೇ ಕೆಲಸ ಮಾಡಿದವರು, ಇದು ನಿಜಾನಾ?
— ಓದುಗಿ, ದಾವಣಗೆರೆ

ಉತ್ತರ: 'ಫಾರಿನರ್ಸ್' ಅಂತ ಒಂದೇ ಜಾತಿ ಇಲ್ಲ ಮಾರಾಯ್ರೆ. ನಾನು ಮಂಗಳೂರಿಂದ ಹೋಗಿ ಎಂಟು ಕಾಂಟ್ರ್ಯಾಕ್ಟ್ ಕೌಂಟರ್ ಹಿಂದೆ ನಿಂತವ, ಗಿರಾಕಿ ಬಾಯಿ ಬಿಟ್ಟ ಕೂಡ್ಲೇ ಯಾವ ದೇಶ, ಎಷ್ಟು ಸಿಗ್ಬೋದು ಅಂತ ಅಂದಾಜು ಹಾಕ್ತಿದ್ದೆ, ಎಷ್ಟೋ ಸಲ ಅಂದಾಜು ಮಣ್ಣುಪಾಲಾದ್ದೂ ಉಂಟು.

ಅಮೆರಿಕದವ್ರು ಕೊಡ್ತಾರೆ, ಅದು ಸುಳ್ಳಲ್ಲ. ಮೊದಲನೇ ದಿನವೇ 20 ಡಾಲರ್ ನೋಟು ಕೈಗಿಟ್ಟು ಹೆಸರು ಕೇಳ್ತಾರೆ, ಆಮೇಲೆ ವಾರಪೂರ್ತಿ ಅವರ ಗ್ಲಾಸ್ ಖಾಲಿ ಆಗೋ ಮೊದ್ಲೇ ನಾವು ಹಾಜರ್. ಎಂಥಾ ದೊಡ್ಡ ಮನಸ್ಸು ಅಂದ್ಕೊಂಡಿದ್ದೆ, ಟೆಕ್ಸಸ್‌ನ ಒಬ್ರು ಅಜ್ಜಿ, ಹರೆಯದಲ್ಲಿ ಬಾರ್‌ನಲ್ಲೇ ಕೆಲಸ ಮಾಡಿದವ್ರು, ಬಿಡಿಸಿ ಹೇಳಿದ್ಮೇಲೆ ಗೊತ್ತಾಯ್ತು ನೋಡಿ. ಟಿಪ್ಸ್ ಸಿಗೋ ಕೆಲಸಕ್ಕೆ ಅಲ್ಲಿ ಫೆಡರಲ್ ಕಾನೂನಿನ ಪ್ರಕಾರ ಮಾಲೀಕ ಗಂಟೆಗೆ 2.13 ಡಾಲರ್ ಕೊಟ್ರೆ ಸಾಕು, 1991ರಿಂದ ಒಂದು ಸೆಂಟೂ ಏರಿಲ್ಲ. ಉಳಿದದ್ದು ಗಿರಾಕಿ ಜೇಬಿಂದ ಬರ್ಬೇಕು, ಎಲ್ಲಾ ಸೇರಿ ಗಂಟೆಗೆ ಕನಿಷ್ಠ ಕೂಲಿ 7.25 ಡಾಲರ್ ಮುಟ್ಟದಿದ್ರೆ ಮಾತ್ರ ಮಾಲೀಕ ತುಂಬ್ಬೇಕು. ಕ್ಯಾಲಿಫೋರ್ನಿಯಾ ತರ ಪೂರ್ತಿ ಕೂಲಿ ಕೊಡ್ಲೇಬೇಕಾದ ರಾಜ್ಯಗಳೂ ಇವೆ, ಆದ್ರೂ ಕೊಡೋ ಅಭ್ಯಾಸ ಎಲ್ಲಾ ಕಡೆ ಒಂದೇ.

ಆಸ್ಟ್ರೇಲಿಯಾದವ್ರಿಗೆ ಈ ಲೆಕ್ಕ ತಲೆಗೇ ಹೋಗಲ್ಲ, ಅವರ ಊರಲ್ಲಿ ಬಾರ್ ಹುಡುಗನಿಗೂ ಒಳ್ಳೆ ಕೂಲಿ ಕಾನೂನೇ ಕೊಡಿಸುತ್ತೆ. ರಾತ್ರಿ ಎರಡರ ತನಕ ಕೂತು ನಮ್ಮನ್ನ ನಗಿಸಿ, ಹೆಗಲು ತಟ್ಟಿ ಹೋಗ್ತಾರೆ, ಅಷ್ಟೇ. ಇಂಗ್ಲೆಂಡಿನವ್ರು "ನಿಂಗೂ ಒಂದು ಹಾಕ್ಕೋ" ಅಂತಾರೆ. ಅವರ ಪಬ್ಬಲ್ಲಿ ಟಿಪ್ಸ್ ಅಂದ್ರೆ ಅದೇ, ಬಾರ್‌ನವನು ಆ ದುಡ್ಡನ್ನ ತೆಗೆದಿಟ್ಕೊಂಡ್ರೂ ನಡೆಯುತ್ತೆ, ಡ್ಯೂಟಿಯಲ್ಲಿ ಕುಡಿಯೋ ಹಂಗಿಲ್ಲದ ನಾವು ಮಾತ್ರ ಥ್ಯಾಂಕ್ಸ್ ಹೇಳಿ ಹಲ್ಲು ಕಿರೀಬೇಕು. ಜಪಾನಿನವ್ರು ಬಗ್ಗಿ ನಮಸ್ಕಾರ ಮಾಡ್ತಾರೆ. ಅವರಲ್ಲಿ ಟೇಬಲ್ ಮೇಲೆ ಚಿಲ್ಲರೆ ಬಿಟ್ರೆ ಮರೆತು ಹೋದ್ರು ಅಂತ ಹಿಂದೆ ಓಡಿ ಬಂದು ಕೊಡೋರುಂಟು.

ಏಜೆಂಟ್ ಹೇಳದೆ ಇರೋದು ಎಂತ ಅಂದ್ರೆ, ಹಡಗಲ್ಲಿ ಬಿಲ್ಲಿಗೆ ಕ್ಯಾಶೇ ನಡೆಯಲ್ಲ, ಎಲ್ಲಾ ಕ್ಯಾಬಿನ್ ಕಾರ್ಡ್. ನಾನಿದ್ದ ಹಡಗಲ್ಲಿ ಪ್ರತಿ ಡ್ರಿಂಕಿಗೂ 18 ಪರ್ಸೆಂಟ್ ಗ್ರಾಚ್ಯುಟಿ ತಾನಾಗೇ ಸೇರ್ತಿತ್ತು (ಅಂದ್ರೆ ಬಿಲ್ಲಲ್ಲೇ ಸೇರಿಸೋ ಟಿಪ್ಸ್, ನಮ್ಮಲ್ಲಿ ರಿಟೈರ್ ಆದ್ಮೇಲೆ ಬರೋ ಗ್ರಾಚ್ಯುಟಿ ಅಲ್ಲ, ಹೆಸರು ಮಾತ್ರ ಒಂದೇ), ಅದು ಬಾರ್‌ನವರೆಲ್ಲರಿಗೂ ಹಂಚಿ ಹೋಗ್ತಿತ್ತು. ಆಗ್ಲೇ ಸೇರಿದೆಯಲ್ಲ ಅಂತ ಗೊತ್ತಿದ್ದ ಗಿರಾಕಿ ಮತ್ಯಾಕೆ ಕೈಯಿಂದ ಕೊಡ್ತಾನೆ ಹೇಳಿ? ಅದಕ್ಕೇ ತಮ್ಮನಿಗೆ ಹೇಳಿ, ಬೇಸಿಕ್ ಎಷ್ಟು, ಗ್ರಾಚ್ಯುಟಿಯಲ್ಲಿ ಪಾಲು ಎಷ್ಟು, ಎರಡೂ ಕಾಂಟ್ರ್ಯಾಕ್ಟಲ್ಲಿ ಓದಿಯೇ ಸೈನ್ ಮಾಡ್ಲಿ. ಏಜೆನ್ಸಿಗೆ ಡಿಜಿ ಶಿಪ್ಪಿಂಗ್‌ನ (ಹಡಗುಗಳ ವಿಷಯ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಕಚೇರಿ) ಆರ್‌ಪಿಎಸ್‌ಎಲ್, ಅಂದ್ರೆ ಹಡಗಿಗೆ ಜನ ಸೇರಿಸೋ ಲೈಸೆನ್ಸ್ ಉಂಟಾ ನೋಡಿ, ಕೆಲಸ ಕೊಡಿಸ್ತೀನಿ ಅಂತ ಫೀಸ್ ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ, ಹಾಗೆ ಕೇಳೋ ಹಕ್ಕೇ ಅವರಿಗಿಲ್ಲ.

ಪ್ರಶ್ನೆ: ನಮ್ಮ ಇಂಡಿಯನ್ಸ್ ಟಿಪ್ಸ್ ಕೊಡ್ತಾರಾ?
— ಓದುಗ, ಮೈಸೂರು

ಉತ್ತರ: ಕೊಡೋದು ಕಮ್ಮಿ, "ಪೆಗ್ ಸ್ವಲ್ಪ ದೊಡ್ಡದು ಹಾಕಿ ಭಾಯ್" ಅನ್ನೋದು ಜಾಸ್ತಿ. ಆದ್ರೆ ಒಂದ್ಸಲ ಕನ್ನಡ ಕೇಳಿಸ್ತು ಅಂತ ಮಾತಾಡಿಸಿದ್ದೇ ತಡ, ಹುಬ್ಬಳ್ಳಿಯ ಒಬ್ರು ಕ್ಯಾಬಿನ್‌ಗೆ ಹೋಗಿ ಶೇಂಗಾ ಚಟ್ನಿಪುಡಿ ಪ್ಯಾಕೆಟ್ ತಂದ್ಕೊಟ್ರು. ಎರಡು ವಾರ ಮೆಸ್ಸಿನ ಬ್ರೆಡ್ಡಿಗೆ ಅದೇ.