'ದೌ' ಎಂದರೆ ತಾವಲ್ಲ, ನೀನು

ಶಿರಸಿಯ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಹಳೆಯ ಇಂಗ್ಲಿಷಿನ 'ದೌ' ಎಂಬ ಮಾತಿಗೆ 'ತಾವು' ಎಂದು ಅರ್ಥ ಕೊಟ್ಟಿದ್ದೀರಿ. ನಮ್ಮ ಮಾಸ್ತರು ಅದು 'ನೀನು' ಎಂದು ಕಲಿಸಿದ್ದರು. ಆದರೆ ಬೈಬಲಿನಲ್ಲಿ ದೇವರನ್ನೂ 'ದೌ' ಎನ್ನುತ್ತಾರಲ್ಲ? ಮೊಮ್ಮಗಳಿಗೆ ಯಾವುದನ್ನು ಹೇಳಲಿ? ಅವಳದೂ ಒಂದು ಪ್ರಶ್ನೆಯಿದೆ: ನಮ್ಮ 'ನಾಡಿದ್ದು' ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಯಾಕಿಲ್ಲ?"

ನಿಮ್ಮ ಮಾಸ್ತರು ಹೇಳಿದ್ದೇ ಸರಿ. ಆ ಪುಟದ ಕರಡು ನೋಡಿದವನು ನಾನೇ, ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ. ಈಗ ಪ್ರಾರ್ಥನೆ, ಹಳೆಯ ಪದ್ಯಗಳಲ್ಲಷ್ಟೇ ಕಾಣುವುದರಿಂದ 'ದೌ' ಕಿವಿಗೆ ಘನವಾಗಿ ಕೇಳಿಸುತ್ತದೆ. ಬಳಕೆಯಲ್ಲಿದ್ದ ಕಾಲಕ್ಕೆ ಅದು ಅಚ್ಚ ಏಕವಚನ. ಮಕ್ಕಳಿಗೆ, ಆಳುಕಾಳುಗಳಿಗೆ, ಆಪ್ತರಿಗೆ 'ದೌ'; ದೊಡ್ಡವರಿಗೆ ಬಹುವಚನದ 'ಯು'.

1603ರಲ್ಲಿ, ಇಂಗ್ಲೆಂಡಿನ ಆಸ್ಥಾನಿಕನೂ ನಾವಿಕನೂ ಆಗಿದ್ದ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಲಂಡನ್ನಿನಲ್ಲಿ ಪ್ಲೇಗು; ಹಾಗಾಗಿ ನ್ಯಾಯಾಲಯ ಕೂತದ್ದು ವಿಂಚೆಸ್ಟರಿನಲ್ಲಿ. ದೊರೆಯ ಪರ ವಾದಿಸುತ್ತಿದ್ದ ಅಟಾರ್ನಿ ಜನರಲ್ ಎಡ್ವರ್ಡ್ ಕುಕ್, ಸಿಟ್ಟು ನೆತ್ತಿಗೇರಿ, 'ಐ ದೌ ದೀ, ದೌ ಟ್ರೇಟರ್' ಎಂದ. 'ದೀ' ಎಂದರೆ 'ದೌ'ನ ಇನ್ನೊಂದು ರೂಪ, 'ನಿನ್ನನ್ನು'. ಸರ್ವನಾಮವನ್ನೇ ಕ್ರಿಯಾಪದ ಮಾಡಿದ್ದಾನೆ ನೋಡಿ. ಇದನ್ನು ಇವತ್ತಿನ ಇಂಗ್ಲಿಷಿಗೆ ಇಳಿಸುವುದು ಕಷ್ಟ, ಕನ್ನಡಕ್ಕೆ ಸಲೀಸು: 'ಏಕವಚನದಲ್ಲೇ ಕರೀತೀನಿ ಕಣೋ ನಿನ್ನ, ದ್ರೋಹಿ!' ಬಸ್ಸಿನ ಜಗಳದಲ್ಲೂ 'ಏಕವಚನದಲ್ಲಿ ಮಾತಾಡಬೇಡಿ' ಎಂದು ರೇಗುವ ನಮಗೆ, ರಾಲಿಗಾದ ಅವಮಾನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದೇವರ ವಿಚಾರ. ಬೈಬಲಿನ ಮೂಲವಾದ ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಎದುರಿಗೆ ಒಬ್ಬರಿದ್ದರೆ ಏಕವಚನ, ಹಲವರಿದ್ದರೆ ಬಹುವಚನ; ಮರ್ಯಾದೆಯ ಲೆಕ್ಕ ಅಲ್ಲಿಲ್ಲ. ಅನುವಾದಕರು ಅದನ್ನೇ ಪಾಲಿಸಿದರು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಏಸು ಸೈತಾನನನ್ನು ಅಟ್ಟುವ ಮಾತು 'ಗೆಟ್ ದೀ ಹೆನ್ಸ್', ಅಂದರೆ 'ತೊಲಗು ಇಲ್ಲಿಂದ'. ದೇವರಿಗೂ ಅದೇ, ಸೈತಾನನಿಗೂ ಅದೇ! ನಾವಾದರೂ 'ನೀನೇ ಕಾಪಾಡಪ್ಪಾ ವೆಂಕಟರಮಣ' ಎನ್ನುತ್ತೇವೆಯೇ ಹೊರತು 'ನೀವೇ ಕಾಪಾಡಿ' ಎನ್ನುವುದಿಲ್ಲ. ದೇವರಿಗೆ ಹೇಳಿದ್ದನ್ನು ನ್ಯಾಯಾಧೀಶರಿಗೂ ಹೇಳಹೋಗಿ ಪೇಚಿಗೆ ಸಿಕ್ಕವರು 17ನೇ ಶತಮಾನದ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಹಳಬರ ಬಾಯಲ್ಲಿ ಈ 'ದೌ' 'ದಾ' ಆಗಿ ಇನ್ನೂ ಇದೆ.

ಮೇಲೆ ಬಂದ 'ಹೆನ್ಸ್' ಎಂದರೆ ಇಲ್ಲಿಂದ. ಅದರ ನೆಂಟರಾದ ಹಿದರ್, ದಿದರ್, ವಿದರ್ ಎಂಬ ಮೂವರು ನಮ್ಮ ಇತ್ತ, ಅತ್ತ, ಎತ್ತ. ಇಷ್ಟು ಒಪ್ಪವಾದ ಜೋಡಣೆಯನ್ನು ಇಂಗ್ಲಿಷರು ಯಾಕೆ ಕೈಬಿಟ್ಟರೋ, ನನಗಂತೂ ಹೊಟ್ಟೆ ಉರಿಯುತ್ತದೆ.

ಮೊಮ್ಮಗಳ 'ನಾಡಿದ್ದು' ಕೂಡ ಅಲ್ಲಿತ್ತು: 'ಓವರ್‌ಮಾರೋ'. 1535ರಲ್ಲಿ ಕವರ್‌ಡೇಲ್ ಎಂಬಾತ ಹೊರತಂದ ಇಂಗ್ಲಿಷ್ ಬೈಬಲಿನಲ್ಲಿ ಸಿಗುತ್ತದೆ. ಜರ್ಮನ್ನರು ಇವತ್ತಿಗೂ ನಾಡಿದ್ದಿಗೆ 'ಊಬರ್‌ಮಾರ್ಗೆನ್' ಎನ್ನುತ್ತಾರೆ. ಕವರ್‌ಡೇಲ್ ಜರ್ಮನ್ ಅನುವಾದವನ್ನೂ ಎದುರಿಗಿಟ್ಟುಕೊಂಡು ಕೆಲಸ ಮಾಡಿದವನು, ಅಲ್ಲಿಂದಲೇ ಎತ್ತಿಕೊಂಡಿದ್ದರೂ ಆಶ್ಚರ್ಯವಿಲ್ಲ. ಇಂಗ್ಲಿಷರ ನಾಲಿಗೆಗೆ ಮಾತ್ರ ಅದು ಹತ್ತಲಿಲ್ಲ. 'ಮೊನ್ನೆ'ಗೆ 'ಎರ್‌ಯೆಸ್ಟರ್‌ಡೇ' ಎಂಬುದೂ ಇತ್ತು, ಅದರ ಗತಿಯೂ ಇಷ್ಟೇ. ಎರಡನ್ನೂ ಮೊಮ್ಮಗಳಿಗೆ ಕಲಿಸಿ. ಪರೀಕ್ಷೆಯಲ್ಲಿ ಬರೆದರೆ ಕೆಂಪು ಗೆರೆ ಬಿದ್ದೀತು ಎಂದೂ ಹೇಳಿಡಿ.

– ಸಂ.