‘ದ ಲಾಸ್ಟ್ ಸಮುರಾಯ್’ ನೋಡಿದವರಲ್ಲಿ ಯಾರ ಮಾತು ಸರಿ?

ಈ ಹಾಲಿವುಡ್ ಸಿನಿಮಾವನ್ನು ಒಬ್ಬರು ಅದ್ಭುತ ಅನ್ನುತ್ತಾರೆ, ಇನ್ನೊಬ್ಬರು ಬಿಳಿಯನೊಬ್ಬ ಬಂದು ಎಲ್ಲರನ್ನೂ ಉದ್ಧಾರ ಮಾಡುವ ಕಥೆ ಅನ್ನುತ್ತಾರೆ, ಯಾರನ್ನು ನಂಬಲಿ, ಇದನ್ನು ನೋಡಿದರೆ ಜಪಾನಿನ ಇತಿಹಾಸ ತಿಳಿಯುತ್ತಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಒಂದು ಕಾಲದಲ್ಲಿ ನನ್ನ ತಲೆಯನ್ನೂ ತಿಂದಿತ್ತು. ಅದರ ಉತ್ತರವನ್ನು ತಪ್ಪು ಜಾಗದಲ್ಲಿ ಹುಡುಕಿದ್ದಕ್ಕೆ ನನಗೊಂದು ಜಪಾನ್ ಪ್ರಯಾಣ ತಪ್ಪಿಹೋಯಿತು.

2004ರಲ್ಲಿ ಶಿವಮೊಗ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದೆ. ಹಾಸ್ಟೆಲಿನ ಗೆಳೆಯ ಸಿಡಿ ತಂದಿದ್ದ. ಕುಡುಕನಾದ ಅಮೆರಿಕದ ಸೈನಿಕ ಆಲ್ಗ್ರೆನ್ ಜಪಾನಿನ ಹೊಸ ಸೈನ್ಯಕ್ಕೆ ಬಂದೂಕು ಕಲಿಸಲು ಬರುತ್ತಾನೆ. ಹಳೆಯ ಯೋಧರ ಜಾತಿಯವರಾದ ಸಮುರಾಯಿಗಳ ಕೈಗೆ ಸೆರೆ ಸಿಕ್ಕುತ್ತಾನೆ. ಅವರ ಊರಿನಲ್ಲಿ ಒಂದು ಚಳಿಗಾಲ ಕಳೆದು ಅವರ ಪರವೇ ಕತ್ತಿ ಹಿಡಿಯುತ್ತಾನೆ. ಆಲ್ಗ್ರೆನ್ ಆದ ಟಾಮ್ ಕ್ರೂಸ್‌ಗಿಂತ ನನ್ನನ್ನು ಹಿಡಿದದ್ದು ಸಮುರಾಯಿಗಳ ನಾಯಕ ಕಾತ್ಸುಮೊತೊ ಪಾತ್ರ ಮಾಡಿದ ಕೆನ್ ವತಾನಬೆ. ಆ ಮನುಷ್ಯ ಸುಮ್ನೆ ನಿಂತರೂ ಪರದೆ ತುಂಬುತ್ತಿತ್ತು. ಆ ಪಾತ್ರಕ್ಕೆ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡಿದ್ದರು. ಕೊನೆಯ ಯುದ್ಧದಲ್ಲಿ ಗ್ಯಾಟ್ಲಿಂಗ್ ಗನ್ನುಗಳ ಎದುರು ಕುದುರೆಗಳು ಓಡುವಾಗ ನಾವು ಆರು ಹುಡುಗರು ಮಾತಿಲ್ಲದೆ ಕೂತಿದ್ದೆವು.

ಆಮೇಲೆ ಬೆಂಗಳೂರಿಗೆ ಬಂದೆ. ಪೀಣ್ಯದ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಜಪಾನಿ ಭಾಷೆಯ ತರಗತಿ. ಭಾಷೆ ಕಲಿಯಲು ಹೋದದ್ದೇ ಆ ಸಿನಿಮಾದಿಂದ. 2009ರಲ್ಲಿ ಒಂದು ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟೆ. ಜಪಾನಿ ಭಾಷೆಯಲ್ಲಿ ಐದು ನಿಮಿಷ ಮಾತಾಡಬೇಕು, ಆಮೇಲೆ ತೀರ್ಪುಗಾರರ ಪ್ರಶ್ನೆಗೆ ಉತ್ತರ ಕೊಡಬೇಕು. ಮೊದಲ ಬಹುಮಾನ ಎರಡು ವಾರ ಜಪಾನ್. ನಾನು ಆರಿಸಿಕೊಂಡ ವಿಷಯ, ‘ಬಂದೂಕು ಮುಟ್ಟದ ಸಮುರಾಯಿಗಳು’.

ನಾನು ಮಾಡಿದ ತಪ್ಪು ಇಲ್ಲೇ ಇದೆ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪಿನ ಬೀಜ ಕಾಣುತ್ತಿದೆ.

ಭಾಷಣಕ್ಕೆ ತಯಾರಿ ಅಂತ ಎರಡು ತಿಂಗಳು ನಾನು ಓದಿದ್ದೆಲ್ಲ ಸಿನಿಮಾ ನೋಡಿದವರ ಅಭಿಪ್ರಾಯಗಳನ್ನೇ. ನೂರಾರು ಓದಿದೆ. ಹೊಗಳುವವರು ಹಾನ್ಸ್ ಜಿಮ್ಮರ್ ಸಂಗೀತ, ಜಾನ್ ಟೋಲ್ ಕ್ಯಾಮೆರಾ, ಶಿಸ್ತು, ಮಾನ ಅಂತ ಬರೆದಿದ್ದರು. ಬೈಯುವವರು ಜಪಾನಿನ ಕಥೆಗೆ ಅಮೆರಿಕದವನು ಯಾಕೆ ನಾಯಕ ಅಂತ ಕೇಳಿದ್ದರು. ಇನ್ನು ಕೆಲವರು ‘ಸಮುರಾಯ್’ ಅಂದರೆ ಒಬ್ಬನಾ, ಹಲವರಾ ಅಂತ ಜಗಳ ಆಡಿದ್ದರು. ಅದು ಒಳ್ಳೆಯ ಜಗಳವೇ. ಜಪಾನಿ ಭಾಷೆಯಲ್ಲಿ ನಮ್ಮ ‘ಗಳು’ ಥರದ್ದು ಕಡ್ಡಾಯ ಇಲ್ಲ, ಒಬ್ಬನಿಗೂ ನೂರು ಜನಕ್ಕೂ ಅದೇ ಪದ. ಕನ್ನಡದಲ್ಲಾದರೆ ಹೆಸರಿಡುವಾಗಲೇ ತೀರ್ಮಾನ ಮಾಡಬೇಕಿತ್ತು. ಈ ಜಗಳದಲ್ಲೆಲ್ಲ ನಾನು ಹೊಗಳುವವರ ಪಕ್ಷ ಸೇರಿದೆ. ಅವರ ಮಾತುಗಳನ್ನೇ ಜಪಾನಿಗೆ ತಿರುಗಿಸಿ ಬಾಯಿಪಾಠ ಮಾಡಿದೆ. ಎರಡೂ ಪಕ್ಷದವರು ಸಿನಿಮಾದ ಒಳಗೇ ನಿಂತು ಹೊಡೆದಾಡುತ್ತಿದ್ದಾರೆ, ಇತಿಹಾಸದ ಪುಸ್ತಕದ ಒಂದು ಪುಟವನ್ನೂ ಯಾರೂ ತೆರೆದಿಲ್ಲ ಅನ್ನುವುದು ನನಗೆ ಹೊಳೆಯಲಿಲ್ಲ. ನಾನೂ ತೆರೆಯಲಿಲ್ಲ. ಪಕ್ಷ ಆರಿಸಿಕೊಂಡದ್ದನ್ನೇ ತಿಳಿವಳಿಕೆ ಅಂದುಕೊಂಡೆ.

ಭಾಷಣ ಚೆನ್ನಾಗಿಯೇ ಆಯಿತು. ಜಪಾನಿನಲ್ಲಿ ಹೇಳುವ ಹಾಗೆ ಮೊದಲು ನನ್ನ ಪರಿಚಯ ಹೇಳಿದೆ. ಸಾಗರ ತಾಲ್ಲೂಕಿನವನು, ಅಜ್ಜ ಗದ್ದೆ ಮಾಡುವ ರೈತ ಅಂದೆ. ಆಮೇಲೆ ಸಮುರಾಯಿಗಳು ಬಂದೂಕನ್ನು ಅವಮಾನ ಅಂತ ತಿರಸ್ಕರಿಸಿ ಕತ್ತಿಯಿಂದಲೇ ಸತ್ತರು ಅಂತ ಗಂಟಲು ಕಟ್ಟಿಕೊಂಡು ಹೇಳಿದೆ. ಚಪ್ಪಾಳೆ ಬಿತ್ತು.

ತೀರ್ಪುಗಾರರಲ್ಲಿ ಒಬ್ಬರು ವಯಸ್ಸಾದವರು, ದಕ್ಷಿಣ ಜಪಾನಿನ ಕಾಗೊಶಿಮಾ ಕಡೆಯವರು. ತುಂಬಾ ಮೆಲ್ಲಗೆ ಕೇಳಿದರು: ‘ಶಿರೊಯಾಮಾ ಗುಡ್ಡದಲ್ಲಿ ಸೈಗೊ ಅವರ ಸೈನ್ಯದ ಹತ್ತಿರ ಏನು ಮುಗಿದುಹೋಗಿತ್ತು?’

ನನಗೆ ಗೊತ್ತಿರಲಿಲ್ಲ. ಸೈಗೊ ಯಾರು ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಕಾತ್ಸುಮೊತೊ ಪಾತ್ರಕ್ಕೆ ಮೂಲವಾದ ಮನುಷ್ಯ ಸೈಗೊ ತಕಾಮೊರಿ, 1877ರಲ್ಲಿ ಸರ್ಕಾರದ ವಿರುದ್ಧ ದಂಗೆ ಎದ್ದ ಸಮುರಾಯಿಗಳ ನಾಯಕ. ನಾನು ಐದು ನಿಮಿಷ ಮಾತಾಡಿದ್ದು ಅವನ ಊರಿನವರ ಎದುರಿಗೆ. ಬಾಯಿಗೆ ಬಂದ ಹಾಗೆ ‘ಭಯ’ ಅಂದೆ.

‘ಅಲ್ಲ, ಗುಂಡು’ ಅಂದರು ಅವರು.

ಆ ಒಂದು ಮಾತಿನ ಹಿಂದೆ ಎಷ್ಟಿದೆ ಅಂತ ಆಮೇಲೆ ತಿಳಿಯಿತು. ಜಪಾನಿಗೆ ಬಂದೂಕು ಬಂದದ್ದು 1543ರಲ್ಲಿ, ಪೋರ್ಚುಗೀಸರಿಂದ, ತನೆಗಶಿಮಾ ದ್ವೀಪಕ್ಕೆ. ಆ ದ್ವೀಪ ಇವತ್ತು ಇರುವುದು ಅದೇ ಕಾಗೊಶಿಮಾ ಪ್ರಾಂತ್ಯದಲ್ಲಿ. 1575ರ ನಾಗಶಿನೊ ಯುದ್ಧದಲ್ಲೇ ಸೇನಾನಾಯಕ ಒದಾ ನೊಬುನಾಗಾ ಬಂದೂಕಿನ ಸಾಲು ನಿಲ್ಲಿಸಿದ್ದ. ಅಂದರೆ ಸೈಗೊ ಕಾಲಕ್ಕೆ ಸಮುರಾಯಿ ಕೈಗೆ ಬಂದೂಕು ಬಂದು ಮುನ್ನೂರು ವರ್ಷ ದಾಟಿತ್ತು. 1877ರ ದಂಗೆ ಶುರುವಾದದ್ದೂ ಮದ್ದುಗುಂಡಿನಿಂದಲೇ. ಸರ್ಕಾರ ಕಾಗೊಶಿಮಾದ ಉಗ್ರಾಣದಿಂದ ಮದ್ದುಗುಂಡು ಸಾಗಿಸಲು ಹೊರಟಿತು, ಸೈಗೊ ಶಾಲೆಯ ಹುಡುಗರು ನುಗ್ಗಿ ಅದನ್ನು ವಶ ಮಾಡಿಕೊಂಡರು. ಅವರು ಬಂದೂಕು, ಫಿರಂಗಿ ಹಿಡಿದೇ ಸರ್ಕಾರದ ಸೈನ್ಯವಿದ್ದ ಕುಮಾಮೊತೊ ಕೋಟೆಗೆ ಮುತ್ತಿಗೆ ಹಾಕಿದ್ದು. ಸೆಪ್ಟೆಂಬರ್ 24ಕ್ಕೆ ಶಿರೊಯಾಮಾದಲ್ಲಿ ಉಳಿದವರು ಸುಮಾರು 500 ಜನ, ಸುತ್ತ ಸರ್ಕಾರದ ಸುಮಾರು 30,000 ಸೈನಿಕರು. ಕೊನೆಗೆ ಕತ್ತಿ ಹಿರಿದದ್ದು ಬಂದೂಕು ಅವಮಾನ ಅಂತಲ್ಲ, ಬಂದೂಕಿಗೆ ಹಾಕಲು ಏನೂ ಉಳಿದಿರಲಿಲ್ಲ ಅಂತ. ನನ್ನ ಭಾಷಣದ ಶೀರ್ಷಿಕೆಯೇ ಸುಳ್ಳಾಗಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ನಾನು ಒಂದು ವಿವರ ತಪ್ಪಿತು ಅಂತ ಮರೆಯುತ್ತಿದ್ದೆ. ಅವರು ಇನ್ನೊಂದು ಕೇಳಿದರು: ‘ನಿಮ್ಮ ಅಜ್ಜ ರೈತರು ಅಂದಿರಿ. ಆ ಸಿನಿಮಾದಲ್ಲಿ ಅವರು ಎಲ್ಲಿದ್ದಾರೆ?’

ಚುಚ್ಚಬೇಕು ಅಂತ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದರು. ನಾನು ತಲೆಬಗ್ಗಿಸಿ ಕ್ಷಮೆ ಕೇಳಿ ಇಳಿದುಬಂದೆ. ಬಹುಮಾನ ಬೇರೊಬ್ಬ ಹುಡುಗಿಗೆ ಹೋಯಿತು. ಅವಳು ಅಡಿಕೆ ಸುಲಿಯುವುದರ ಬಗ್ಗೆ ಮಾತಾಡಿದ್ದಳು, ತನಗೆ ಗೊತ್ತಿದ್ದದ್ದನ್ನು.

ನನ್ನ ಅಜ್ಜ ಗೇಣಿದಾರ. ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರ ಸತ್ಯಾಗ್ರಹ ಆಯಿತು. ಅದರ ಕಿಡಿ ಒಂದು ಕೊಳಗ. ಗೇಣಿ ಭತ್ತ ಅಳೆಯಲು ಜಮೀನಿನ ಒಡೆಯರು ದೊಡ್ಡ ಕೊಳಗ ಇಟ್ಟುಕೊಂಡಿದ್ದರು. ಅಜ್ಜನಿಗೆ ಆಗ ಇಪ್ಪತ್ತರ ಆಸುಪಾಸು. 1974ರ ಭೂ ಸುಧಾರಣೆ ಬಂದಮೇಲೆ ಡಿಕ್ಲರೇಷನ್ ಹಾಕಿ, ವರ್ಷಗಟ್ಟಲೆ ಓಡಾಡಿ ಎರಡು ಎಕರೆ ಗದ್ದೆ ತನ್ನ ಹೆಸರಿಗೆ ಮಾಡಿಸಿಕೊಂಡ. ಆ ಗದ್ದೆಯ ಭತ್ತದ ದುಡ್ಡಿನಲ್ಲಿ ಓದಿದ ನಾನು ಬೆಂಗಳೂರಿನ ವೇದಿಕೆಯಲ್ಲಿ ಒಡೆಯರ ಕತ್ತಿಗೆ ಅತ್ತಿದ್ದೆ. ಮುಖ ಸುಟ್ಟ ಹಾಗಾಯಿತು.

ಆಗ ಓದಲು ಕೂತೆ. ಸಮುರಾಯಿಯ ಸಂಬಳ ಅಂದರೆ ಅಕ್ಕಿ. ಲೆಕ್ಕ ‘ಕೊಕು’ದಲ್ಲಿ. ಒಂದು ಕೊಕು ಅಂದರೆ ಸುಮಾರು 180 ಲೀಟರ್, ತೂಕದಲ್ಲಿ 150 ಕೆಜಿ, ಒಬ್ಬನ ಒಂದು ವರ್ಷದ ಊಟ ಅನ್ನುವ ಲೆಕ್ಕ. ಅದನ್ನು ಬೆಳೆದು ಕೊಡುವವರು ರೈತರು. ದೇಶದಲ್ಲಿ ಸಮುರಾಯಿ ಮನೆತನದವರು ನೂರಕ್ಕೆ ಐದಾರು ಜನ ಇದ್ದರೆ, ಸೈಗೊನ ಸತ್ಸುಮಾ ಸೀಮೆಯಲ್ಲಿ, ಅಂದರೆ ಈಗಿನ ಕಾಗೊಶಿಮಾ ಕಡೆ, ಹತ್ತಿರ ಹತ್ತಿರ ನಾಲ್ಕರಲ್ಲಿ ಒಬ್ಬ. ಅಷ್ಟು ಜನರನ್ನು ಸಾಕಬೇಕಾದ ಗದ್ದೆಯವನ ಸ್ಥಿತಿ ಯೋಚಿಸಿ. ಊರಿಗೆ ಹೋದಾಗ ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಕತ್ತಿ, ಕುದುರೆ ಯಾವುದೂ ಅವನಿಗೆ ಹಿಡಿಸಲಿಲ್ಲ. ಎಲೆ ಅಡಿಕೆ ಮಡಚುತ್ತಾ ಒಂದೇ ಕೇಳಿದ: ‘ಆ ಅಳತೆ ಡಬ್ಬಿ ಯಾರ ಮನೇಲಿ ಇರ್ತಿತ್ತಾ? ಒಡೇರ ಮನೇಲೋ, ರೈತರ ಮನೇಲೋ?’

1588ರಲ್ಲಿ ಹಿದೆಯೋಶಿ ಅನ್ನುವ ಆಳುಗ ರೈತರ ಮನೆಮನೆಯಿಂದ ಕತ್ತಿ ಕಿತ್ತುಕೊಂಡ. ಅವತ್ತಿನಿಂದ ಆಯುಧ ಒಂದು ಜಾತಿಯ ಸೊತ್ತಾಯಿತು. 1873ರಲ್ಲಿ ಕಡ್ಡಾಯ ಸೈನ್ಯದ ಕಾಯ್ದೆ ಬಂತು, ರೈತನ ಮಗನ ಕೈಗೆ ಬಂದೂಕು ಬಂತು. 1876ರಲ್ಲಿ ಸಮುರಾಯಿಗಳು ಬೀದಿಯಲ್ಲಿ ಕತ್ತಿ ತೊಟ್ಟು ಓಡಾಡಬಾರದು ಅಂತ ಆಜ್ಞೆ ಆಯಿತು, ಅವರ ವಂಶಪಾರಂಪರ್ಯ ಸಂಬಳವೂ ನಿಂತಿತು. ಸಿನಿಮಾ ನಮ್ಮನ್ನು ಅಳಿಸುವುದು 1876ರ ಕತ್ತಿಗೆ. 1588ರ ಕತ್ತಿಗೆ ಅಳುವವರು ಯಾರು?

ಹಾಗಂತ ಸರ್ಕಾರ ರೈತನ ಪರ ಇತ್ತು ಅಂತ ತಿಳಿಯಬೇಡಿ. ಕಡ್ಡಾಯ ಸೈನ್ಯದ ಕಾಯ್ದೆಯ ಪ್ರಕಟಣೆಯಲ್ಲಿ ‘ರಕ್ತದ ತೆರಿಗೆ’ ಅನ್ನುವ ಮಾತಿತ್ತು, ಅದಕ್ಕೆ ಹಳ್ಳಿಗಳಲ್ಲಿ ದಂಗೆಗಳಾದವು. ಭೂ ಕಂದಾಯ ಜಮೀನಿನ ಬೆಲೆಯ ಶೇಕಡಾ 3, ಅದೂ ನಗದಿನಲ್ಲಿ. 1876ರ ಕೊನೆಗೆ ರೈತರು ತಿರುಗಿಬಿದ್ದರು, 1877ರ ಜನವರಿಯಲ್ಲಿ ಸರ್ಕಾರ ಅದನ್ನು ಎರಡೂವರೆಗೆ ಇಳಿಸಿತು. ಸೈಗೊನ ದಂಗೆ ಶುರುವಾದದ್ದೂ ಅದೇ ಜನವರಿಯ ಕೊನೆಗೆ. ರೈತರ ದಂಗೆಯ ಮೇಲೆ ಹಾಲಿವುಡ್ ಸಿನಿಮಾ ಬರಲಿಲ್ಲ.

ಸಿನಿಮಾದ ಖಳ ಒಮುರಾ ಕೋಟು ತೊಟ್ಟ ದುರಾಸೆಯ ವ್ಯಾಪಾರಿಯ ಹಾಗಿದ್ದಾನೆ. ನಿಜದಲ್ಲಿ ಸರ್ಕಾರ ನಡೆಸುತ್ತಿದ್ದ ಒಕುಬೊ ತೊಶಿಮಿಚಿ ಸೈಗೊನ ಬಾಲ್ಯದ ಗೆಳೆಯ, ಅದೇ ಊರಿನವನು, ಅವನೂ ಸಮುರಾಯಿಯೇ. ಸೈಗೊನ ಸ್ವಂತ ತಮ್ಮ ಸರ್ಕಾರದ ಕಡೆ ಉಳಿದ. ಅದೇ ದಂಗೆಯ ತಬರುಜಾಕಾ ಕಾಳಗದಲ್ಲಿ ಸರ್ಕಾರ ಕತ್ತಿ ಹಿಡಿದ ಪೊಲೀಸರನ್ನು ಕಳಿಸಿತು, ಅವರಲ್ಲೂ ಹಳೆಯ ಸಮುರಾಯಿಗಳಿದ್ದರು. ಮರುವರ್ಷ, 1878ರ ಮೇ ತಿಂಗಳಲ್ಲಿ, ಒಕುಬೊನನ್ನು ಕಡಿದು ಕೊಂದವರೂ ಸಮುರಾಯಿಗಳೇ. ಹಳತು ಒಂದು ಕಡೆ, ಹೊಸತು ಒಂದು ಕಡೆ ಅಂತ ಗೆರೆ ಎಳೆಯಲು ಆಗುವುದೇ ಇಲ್ಲ.

ಈಗ ನಿಮ್ಮ ಪ್ರಶ್ನೆಗೆ. ಯಾರ ಮಾತು ಸರಿ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಿಳಿಯ ಉದ್ಧಾರಕ ಅನ್ನುವ ಟೀಕೆ ನನಗೆ ಅರ್ಧ ಮಾತ್ರ ಸರಿ ಅನಿಸುತ್ತದೆ. ಆಲ್ಗ್ರೆನ್ ಯಾರನ್ನು ಉಳಿಸಿದ? ಎಲ್ಲರೂ ಸಾಯುತ್ತಾರೆ, ಅವನೊಬ್ಬ ಉಳಿಯುತ್ತಾನೆ. ಹೊರದೇಶದ ಸೈನಿಕ ಸಮುರಾಯಿಗಳ ಜೊತೆ ನಿಂತದ್ದೂ ಪೂರ್ತಿ ಕಟ್ಟುಕಥೆ ಅಲ್ಲ. ಫ್ರೆಂಚ್ ಅಧಿಕಾರಿ ಜೂಲ್ ಬ್ರುನೆ, ಆಗ ದೇಶ ಆಳುತ್ತಿದ್ದ ಶೋಗನ್‌ನ ಸೈನ್ಯಕ್ಕೆ ತರಬೇತಿ ಕೊಡಲು ಬಂದು, 1869ರಲ್ಲಿ ಹಕೊದಾತೆಯಲ್ಲಿ ಸೋಲುವ ಪಕ್ಷದ ಜೊತೆ ಹೋರಾಡಿದ್ದ. ಇನ್ನು ಜಪಾನಿನವರಿಗೆ ಅವಮಾನ ಆಯಿತು ಅಂತ ಅವರ ಪರವಾಗಿ ಸಿಟ್ಟು ಮಾಡಿಕೊಳ್ಳುವವರಿಗೆ ಒಂದು ಮಾತು. ಈ ಸಿನಿಮಾ ಅಮೆರಿಕಕ್ಕಿಂತ ಜಪಾನಿನಲ್ಲೇ ಜಾಸ್ತಿ ದುಡ್ಡು ಮಾಡಿತು. ಅಮೆರಿಕದಲ್ಲಿ ಬಂದದ್ದು ಸುಮಾರು 11 ಕೋಟಿ ಡಾಲರ್. ಜಪಾನಿನವರು ತಮ್ಮ ನಟರನ್ನು ನೋಡಲು ಹೋದರು, ಚೆನ್ನಾಗಿದೆ ಅಂದರು. ಅವರಿಗೆಲ್ಲ ಸೈಗೊ ಇವತ್ತಿಗೂ ಪ್ರೀತಿಯ ಮನುಷ್ಯ. ದಂಗೆ ಎದ್ದವನಿಗೆ 1889ರಲ್ಲಿ ಸರ್ಕಾರವೇ ಕ್ಷಮೆ ಕೊಟ್ಟಿತು. 1898ರಿಂದ ತೋಕಿಯೊದ ಉಎನೊ ಉದ್ಯಾನದಲ್ಲಿ ನಾಯಿ ಹಿಡಿದುಕೊಂಡು ನಿಂತಿದ್ದಾನೆ, ಕಂಚಿನಲ್ಲಿ.

ಹಾಗಾಗಿ ಖಂಡಿತ ನೋಡಿ. ದೊಡ್ಡ ಪರದೆಯಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ಆ ಬೆಟ್ಟ ಹಸಿರೆಲ್ಲ ಹೆಚ್ಚಿನದು ನ್ಯೂಜಿಲೆಂಡಿನ ತರನಾಕಿ ಕಡೆಯದು, ಕಾತ್ಸುಮೊತೊ ಪ್ರಾರ್ಥನೆ ಮಾಡುವ ದೇವಾಲಯ ಮಾತ್ರ ಹಿಮೆಜಿ ಹತ್ತಿರದ ಎಂಗ್ಯೊಜಿ. ಉಜಿಯೊ ಆಗಿರುವ ಹಿರೊಯುಕಿ ಸನಾದಾ ಕತ್ತಿ ಹಿಡಿಯುವುದನ್ನು ಗಮನಿಸಿ. ಆದರೆ ನೋಡುವ ಮೊದಲು ಇನ್ನೊಂದು ಅಭಿಪ್ರಾಯವನ್ನೂ ಓದಬೇಡಿ, ನನ್ನದೂ ಸೇರಿಸಿ ಮರೆತುಬಿಡಿ. ನೋಡಿ ಆದಮೇಲೆ ಸೈಗೊ ಮತ್ತು ಒಕುಬೊ ಬಗ್ಗೆ ಒಂದು ಒಳ್ಳೆಯ ಪುಸ್ತಕ ಹಿಡಿಯಿರಿ. ಇತಿಹಾಸ ತಿಳಿಯಲು ಸಿನಿಮಾ ನೋಡುತ್ತೇನೆ ಅನ್ನುವುದು ಬೇಡವೇ ಬೇಡ. ಸಿನಿಮಾ ನೋಡಿ ಇತಿಹಾಸದ ಹಸಿವಾದರೆ ಅಷ್ಟೇ ಸಾಕು.

ಒಂದು ದೃಶ್ಯ ಮಾತ್ರ ಬಿಡಬೇಡಿ. ಶುರುವಿನಲ್ಲಿ, ಈ ಸೈನ್ಯ ಇನ್ನೂ ತಯಾರಾಗಿಲ್ಲ ಅಂತ ತೋರಿಸಲು ಆಲ್ಗ್ರೆನ್ ಒಬ್ಬ ಹುಡುಗನ ಎದುರು ನಿಂತು ತನಗೇ ಗುಂಡು ಹೊಡೆ ಅನ್ನುತ್ತಾನೆ. ತಾನೂ ಅವನ ಅಕ್ಕಪಕ್ಕ ಪಿಸ್ತೂಲು ಹಾರಿಸುತ್ತಾನೆ. ಹುಡುಗನ ಕೈ ನಡುಗುತ್ತದೆ, ಮದ್ದು ತುಂಬಲು ಆಗುವುದಿಲ್ಲ, ಕೊನೆಗೆ ಹೊಡೆದ ಗುಂಡೂ ಗುರಿ ತಪ್ಪುತ್ತದೆ. ಹಾಸ್ಟೆಲಿನಲ್ಲಿ ನಾವು ಅಲ್ಲಿ ನಕ್ಕಿದ್ದೆವು. ಅವನಿಗೆ ಹೆಸರು ಕೊಟ್ಟದ್ದು ನನಗೆ ನೆನಪಿಲ್ಲ. ರೈತರು ಎಲ್ಲಿದ್ದಾರೆ ಅಂತ ತೀರ್ಪುಗಾರರು ಕೇಳಿದ ಪ್ರಶ್ನೆಗೆ ಉತ್ತರ ಅವನೇ. ಕೊನೆಯಲ್ಲಿ ಕಾತ್ಸುಮೊತೊ ಸಾಯುವಾಗ ಸರ್ಕಾರದ ಸೈನಿಕರು ಸಾಲುಸಾಲಾಗಿ ಮಂಡಿಯೂರಿ ತಲೆಬಾಗುತ್ತಾರಲ್ಲ, ಅಲ್ಲಿ ನಾನು ಈಗಲೂ ಅಳುತ್ತೇನೆ. ಆದರೆ ಈಗ ನೋಡುವುದು ಸಾಯುತ್ತಿರುವವನನ್ನಲ್ಲ, ಆ ಸಾಲಿನಲ್ಲಿ ಬಗ್ಗಿದ ತಲೆಗಳನ್ನು.