ಹಳೆ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್ ಮನೆಯಲ್ಲೇ ಬದಲಾಯಿಸಬಹುದಾ? ಎಡಗಡೆಯದು ಮಾತ್ರ ಸೋರುತ್ತಿದೆ, ಒಂದೇ ಹಾಕಿಸಿದರೆ ಸಾಕಾ?

ಒಂದೇ ಹಾಕಿದರೆ ಸಾಕಾಗಲ್ಲ. ಆರು ವರ್ಷದ ಹಿಂದೆ ನಾನೂ ಇದನ್ನೇ ಎಲ್ಲರ ಹತ್ತಿರ ಕೇಳಿಕೊಂಡು ಓಡಾಡಿದ್ದೆ.

ನಮ್ಮದು 2003ರ ಆಲ್ಟೊ, ಅಪ್ಪನ ಕಾರು. ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಹರಿಹರ ಇಲ್ಲಿಂದ ಬರೀ 14 ಕಿಲೋಮೀಟರ್. ಅಷ್ಟರಲ್ಲೇ ರಸ್ತೆಯ ಪ್ರತಿ ಉಬ್ಬಿಗೂ ಮುಂದಿನಿಂದ 'ಧಡ್' ಅಂತ ಸದ್ದು, ಆಮೇಲೆ ಕಾರು ಎರಡು ಮೂರು ಸಲ ತೊಟ್ಟಿಲ ಹಾಗೆ ತೂಗೋದು. ಹಿಂದೆ ಕೂತ ಅಮ್ಮ ಸೊಂಟ ಹಿಡಿದುಕೊಂಡು ಸುಮ್ನೆ ಕೂರುತ್ತಿದ್ದರು. ಅದನ್ನು ಕನ್ನಡಿಯಲ್ಲಿ ನೋಡಿಯೇ ಕೆಲಸಕ್ಕೆ ಇಳಿದೆ.

ಬಿಚ್ಚೋದು ಕಷ್ಟವಾಗಲಿಲ್ಲ. ಕಾರನ್ನು ಜಾಕಿ ಮೇಲೆ ಬಿಡದೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಚಕ್ರ ತೆಗೆದು, ಬ್ರೇಕ್ ಪೈಪಿನ ಕ್ಲಿಪ್ ಬಿಡಿಸಿ, ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಸೇರಿದ ಜೋಡಣೆ) ಕೆಳಗಿನ ಎರಡು ಬೋಲ್ಟ್ ಕಳಚಿದೆ. ತುಕ್ಕು ಹಿಡಿದಿದ್ದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದರಿಂದ ಅಲುಗಾಡಿದವು. ಚಕ್ರ ಕೂರುವ ಹಬ್ ಜೋತು ಬೀಳದ ಹಾಗೆ ತಂತಿಯಲ್ಲಿ ಕಟ್ಟಿದೆ. ಕಟ್ಟದಿದ್ದರೆ ಬ್ರೇಕ್ ಪೈಪ್ ಎಳೆದುಕೊಳ್ಳುತ್ತದೆ, ಆಕ್ಸಲ್‌ನ ಒಳಗಿನ ಜಾಯಿಂಟ್ ಕಿತ್ತು ಬರಲೂಬಹುದು. ಕೊನೆಗೆ ಬಾನೆಟ್ ಒಳಗಿನ ಸಣ್ಣ ನಟ್‌ಗಳು. ಸ್ಟ್ರಟ್ ಕೈಗೆ ಬಂತು.

ಮುಖ್ಯ ತಪ್ಪು ಆಮೇಲೆ ಆಯಿತು. ಗೆಳೆಯನ ಸ್ಪ್ರಿಂಗ್ ಕಂಪ್ರೆಸರ್ ತಂದು ಸ್ಪ್ರಿಂಗ್ ಒತ್ತಿ, ಹೊಸ ಶಾಕ್ ಕೂರಿಸಿದೆ. ಮೇಲಿನ ನಡುವಿನ ನಟ್ ಬಿಗಿ ಮಾಡಲು ಹೋದರೆ ನಟ್ ಜೊತೆ ಶಾಕ್‌ನ ನಡುವಿನ ರಾಡೂ ಗಿರಗಿರ ತಿರುಗಿತು. ರಾಡಿಗೆ ಧೂಳು ತಾಗದಂತೆ ಮುಚ್ಚುವ ಡಸ್ಟ್ ಬೂಟ್ ಕೆಳಕ್ಕೆ ಜಾರಿಸಿ, ಸ್ಪ್ರಿಂಗಿನ ಸಂದಿಯಿಂದ ಕೈ ತೂರಿಸಿ, ರಾಡನ್ನು ಪ್ಲೈಯರ್‌ನಲ್ಲಿ ಗಟ್ಟಿಯಾಗಿ ಹಿಡಿದೆ. ನಟ್ ಕೂತಿತು. ಎರಡೂ ಕಡೆ ಹಾಗೇ ಮಾಡಿದೆ.

ಆ ರಾಡ್ ಮೇಲೆ ಕ್ರೋಮ್ ಲೇಪನ ಇರುತ್ತದೆ, ಕನ್ನಡಿ ಹಾಗೆ ನುಣುಪು. ಶಾಕ್ ಬಾಯಲ್ಲಿ ರಬ್ಬರ್ ಸೀಲ್ ಇರುತ್ತದೆ. ಕಾರು ಕುಣಿದಾಗಲೆಲ್ಲ ರಾಡ್ ಆ ಸೀಲನ್ನು ಉಜ್ಜಿಕೊಂಡೇ ಒಳಗೆ ಹೊರಗೆ ಆಡುತ್ತದೆ. ರಾಡ್ ನುಣುಪಾಗಿದ್ದರೆ ಮಾತ್ರ ಎಣ್ಣೆ ಒಳಗೆ ನಿಲ್ಲುತ್ತದೆ. ಪ್ಲೈಯರ್ ಹಲ್ಲು ಬಿಟ್ಟ ಒಂದು ಗೀರು ಸಾಕು, ಪ್ರತಿ ಗುಂಡಿಗೂ ಸೀಲಿನ ತುಟಿಯನ್ನು ಅರದ ಹಾಗೆ ಸವೆಸುತ್ತದೆ. ಮೂರೇ ತಿಂಗಳಿಗೆ ಎರಡೂ ಸೋರಿದವು. ಬೂಟ್ ಎತ್ತಿ ನೋಡಿದರೆ ಎಣ್ಣೆಗೆ ಧೂಳು ಮೆತ್ತಿ ಕರಿ ಹಿಟ್ಟಿನ ಹಾಗಾಗಿತ್ತು. ಬಟ್ಟೆಯಲ್ಲಿ ಒರೆಸಿ ಉಗುರು ಆಡಿಸಿದೆ. ಸಣ್ಣ ಸಣ್ಣ ಹಲ್ಲಿನ ಗುರುತು, ಸಾಲಾಗಿ ಉಗುರಿಗೆ ಸಿಕ್ಕಿದವು. ಹೊಸ ಜೋಡಿಗೆ ಮತ್ತೆ ಪೂರ್ತಿ ದುಡ್ಡು ಕೊಟ್ಟೆ. ಅಮ್ಮ ಮತ್ತೆ ಒಂದು ತಿಂಗಳು ಬಸ್ಸಿನಲ್ಲಿ ಓಡಾಡಬೇಕಾಯಿತು. ಅದು ಇವತ್ತಿಗೂ ಬೇಜಾರು.

ರಾಡ್ ಹಿಡಿಯುವ ಜಾಗ ಬೇರೆ ಇದೆ. ಅದರ ತುದಿಯಲ್ಲೇ ಅಲೆನ್ ಕೀಗೆ ತೂತೋ, ಪಾನಾ ಕೂರಲು ಚಪ್ಪಟೆ ಜಾಗವೋ ಇರುತ್ತದೆ. ಅಲ್ಲಿ ಹಿಡಿದು ನಟ್ ತಿರುಗಿಸಬೇಕು. ನುಣುಪಾದ ಭಾಗಕ್ಕೆ ಪ್ಲೈಯರ್ ಬೇಡ, ಬಟ್ಟೆ ಸುತ್ತಿ ಹಿಡಿಯೋದೂ ಬೇಡ.

ಎರಡನೇ ಸಲ ಸ್ಟ್ರಟ್ ಮನೆಯಲ್ಲೇ ಬಿಚ್ಚಿ, ಸ್ಪ್ರಿಂಗ್ ಸಮೇತ ಸ್ಕೂಟರ್ ಮೇಲಿಟ್ಟುಕೊಂಡು ಗ್ಯಾರೇಜಿಗೆ ಒಯ್ದೆ. ಅವರು ಗೋಡೆಗೆ ಕೂರಿಸಿದ ಪ್ರೆಸ್‌ನಲ್ಲಿ ಸ್ವಲ್ಪ ಹೊತ್ತಿಗೇ ಬದಲಾಯಿಸಿ ಕೊಟ್ಟರು. ನೀವೂ ಹಾಗೇ ಮಾಡಿ. ಬಿಚ್ಚೋದು ಜೋಡಿಸೋದು ಮನೆಯಲ್ಲಿ, ಸ್ಪ್ರಿಂಗ್ ಮಾತ್ರ ಗ್ಯಾರೇಜಲ್ಲಿ. ಒತ್ತಿದ ಸ್ಪ್ರಿಂಗ್ ಜಾರಿದರೆ ಮುಖ, ಕೈ ಉಳಿಯಲ್ಲ. ಸ್ಪ್ರಿಂಗ್ ಒತ್ತುವ ಮೊದಲು ಆ ನಡುವಿನ ನಟ್ ಪೂರ್ತಿ ಬಿಚ್ಚೋದಂತೂ ಯಾವತ್ತೂ ಬೇಡ.

ಒಂದೇ ಕಡೆ ಹಾಕಿದರೆ ಹೊಸದು ಬಿಗಿ, ಹಳೆಯದು ಸಡಿಲ. ಜೋರಾಗಿ ಬ್ರೇಕ್ ಒತ್ತಿದಾಗ, ಗುಂಡಿ ತಪ್ಪಿಸಲು ಸ್ಟೇರಿಂಗ್ ತಿರುಗಿಸಿದಾಗ ಎರಡು ಕಡೆ ಎರಡು ಥರ ಆಡುತ್ತದೆ. ಚಿತ್ರದುರ್ಗದ ಕಡೆ ಹೈವೇಯಲ್ಲಿ ಆ ಅನುಭವ ನಿಮಗೆ ಬೇಡ. ಜೊತೆಗೆ ಸ್ಟ್ರಟ್ ಬಾಡಿಗೆ ಕೂರುವ ಮೇಲಿನ ಮೌಂಟ್, ಶಾಕ್ ಪೂರ್ತಿ ಕುಸಿದಾಗ ಏಟು ತಡೆಯುವ ಬಂಪ್ ಸ್ಟಾಪ್ ರಬ್ಬರ್ ಕೂಡ ಹೊಸದು ಹಾಕಿ. ಹಳೆಯದನ್ನೇ ಬಿಟ್ಟರೆ ಅದೇ 'ಧಡ್' ಉಳಿಯುತ್ತದೆ. ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಟೈರಿನ ಒಂದು ಬದಿ ಬೇಗ ಸವೆಯುತ್ತದೆ.

ಶಾಕ್ ಕೊಳ್ಳುವ ಮೊದಲು ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ತೋಳು) ಬುಶ್‌ಗಳನ್ನೂ ನೋಡಿ. ರಬ್ಬರ್ ಸೀಳಿದ್ದರೆ ಅದೂ ಇಂಥದ್ದೇ ಸದ್ದು ಮಾಡುತ್ತದೆ. ಬಾನೆಟ್ ಮೂಲೆಯನ್ನು ಒತ್ತಿ ಬಿಟ್ಟಾಗ ಕಾರು ಒಂದೇ ಸಲ ಎದ್ದು ನಿಂತು, ಸದ್ದು ಮಾತ್ರ ಬರುತ್ತಿದ್ದರೆ ಬುಶ್‌ಗಳನ್ನು ಮೊದಲು ಬದಲಾಯಿಸಿ. ಶಾಕ್ ಜೋಡಿಯನ್ನು ಆಮೇಲೆ ಒಟ್ಟಿಗೇ ಹಾಕಿಸಿ.